ನಡುಗಂಬದ ಸುಳಿ

ಡಂಗುರ ಹೀಗಿತ್ತು: "ಅರಸರ ಮೂರು ಒಗಟು ಬಿಡಿಸಿದವನಿಗೆ ಅರ್ಧ ರಾಜ್ಯ. ತಪ್ಪಿದವನನ್ನು ಸೇತುವೆಯ ನಡುಗಂಬದ ಮೇಲಿಂದ ಹೊಳೆಗೆ ನೂಕಲಾಗುವುದು."

ಅರಸನ ಒಬ್ಬನೇ ಮಗ ಆ ಕಂಬದ ಬುಡದಲ್ಲಿ ಮುಳುಗಿ ಸತ್ತಿದ್ದ. ಈಜು ಬಲ್ಲ ಹುಡುಗ. ಅಂದಿನಿಂದ ಅರಸ ನಕ್ಕಿರಲಿಲ್ಲ.

ಮೊದಲು ಪಂಡಿತ ಬಂದ. ಅರಸ ಸೇತುವೆಯ ಮೇಲೆಯೇ ಕೂತು ಕೇಳಿದ: "ಮಗುವಿನ ನೆತ್ತಿಯಲ್ಲಿದ್ದರೆ ಅಜ್ಜಿ ಮುಟ್ಟಿ ನೋಡುತ್ತಾಳೆ. ಬಾಳೆಯಲ್ಲಿದ್ದರೆ ತೋಟದವನು ಹಿಗ್ಗುತ್ತಾನೆ. ಹೊಳೆಯಲ್ಲಿದ್ದರೆ ಮನೆಮಂದಿ ಅಳುತ್ತಾರೆ. ಹೆಸರು ಒಂದೇ. ಏನದು?"

"ಹೂವು, ಪ್ರಭು."

"ಹೊಳೆಯಲ್ಲಿ ಹೂವು ಕಂಡರೆ ಯಾರಯ್ಯ ಅಳುತ್ತಾರೆ?"

ಪಂಡಿತನನ್ನು ನೂಕಿದರು. ಶಲ್ಯ ಮಾತ್ರ ತೇಲಿತು.

ದಳವಾಯಿಯ ಮಗ "ನೀರು" ಅಂದ.

"ಹೊಳೆಯಲ್ಲಿ ನೀರಿಲ್ಲದಿದ್ದರೆ ಅಳಬೇಕು. ಇದ್ದರೆ ಯಾಕೆ?"

ಅವನೂ ಬಿದ್ದ. ಗಟ್ಟಿ ಈಜುಗಾರ. ಎರಡು ಸಲ ಗಿರ್ರನೆ ತಿರುಗಿದ. ಆಮೇಲೆ ಕಾಣಲಿಲ್ಲ.

ಮೂರನೆಯವನು ಅಂಬಿಗರ ದುರುಗ. ಸೇತುವೆ ಕಟ್ಟುವಾಗ ಅವನಪ್ಪ, "ಆ ಮಡುವಿನಲ್ಲಿ ಕಂಬ ಬೇಡ" ಅಂದಿದ್ದ. ಅಪಶಕುನ ನುಡಿದನೆಂದು ಸೆರೆಗೆ ಹಾಕಿದ್ದರು. ಮೂರು ವರ್ಷವಾಗಿತ್ತು. ಅಪ್ಪನನ್ನು ಬಿಡಿಸಿಕೊಳ್ಳಲು ದುರುಗ ಬಂದಿದ್ದ.

ಮಂತ್ರಿ ಮೂಗು ಮುಚ್ಚಿಕೊಂಡ. "ಮೀನು ನಾರುತ್ತೀಯಲ್ಲೋ."

"ಹೊಳೆಯವರು, ಬುದ್ಧಿ. ಮಲ್ಲಿಗೆ ಎಲ್ಲಿಂದ ನಾರಬೇಕು?" ಎಂದ ದುರುಗ. ಅರಸನ ಕಡೆ ತಿರುಗಿದ. "ಅದು ಸುಳಿ. ನೆತ್ತಿಯ ಸುಳಿ, ಬಾಳೆಯ ಸುಳಿ, ಈ ಕೆಳಗಿನ ಸುಳಿ."

ಅರಸ ಎರಡನೆಯದನ್ನು ಕೇಳಿದ: "ಮಾತಾಡುತ್ತಿದ್ದರೆ ಭಯವಿಲ್ಲ. ಸುಮ್ಮನಾದರೆ ಪ್ರಾಣಕ್ಕೆ ಕುತ್ತು. ಏನದು?"

"ಅರಸರು ಅನ್ನೋ, ದಡ್ಡ," ಮಂತ್ರಿ ಪಿಸುಗುಟ್ಟಿದ.

"ಹೊಳೆ," ಎಂದ ದುರುಗ. "ಸದ್ದಿದ್ದ ಕಡೆ ಮೊಣಕಾಲುದ್ದ. ಸದ್ದಿಲ್ಲದ ಕಡೆ ಮಡು. ಅಲ್ಲಿ ನಮ್ಮಪ್ಪನ ಉದ್ದನೆಯ ಬಿದಿರು ಗಳಕ್ಕೂ ತಳ ಸಿಗುತ್ತಿರಲಿಲ್ಲ."

ಮೂರನೆಯದಕ್ಕೆ ಅರಸನ ದನಿ ಇಳಿಯಿತು. "ಕೈಯಿಲ್ಲದೆ ನನ್ನ ಮಗನನ್ನು ಹಿಡಿಯಿತು. ಬಾಯಿಲ್ಲದೆ ನುಂಗಿತು. ಅದನ್ನು ಅಲ್ಲಿ ಕೂರಿಸಿದವರು ಯಾರು?"

"ನೀವೇ, ಬುದ್ಧಿ."

ಕಾವಲಿನವರು ಮುಂದೆ ಬಂದರು. ಅರಸ ಕೈಯೆತ್ತಿ ತಡೆದ.

"ಮಡುವಿನಲ್ಲಿ ಕಂಬ ನಿಲ್ಲಿಸಿದಿರಿ. ತನ್ನ ಪಾಡಿಗೆ ಹೋಗುತ್ತಿದ್ದ ನೀರು ಕಂಬಕ್ಕೆ ಬಡಿದು ತಿರುಗಿತು. ನಮ್ಮಪ್ಪ ಹೇಳಿದ್ದು ಇದನ್ನೇ."

"ನನಗೆ ಗೊತ್ತಿತ್ತು," ಎಂದ ಅರಸ. "ಯಾರಾದರೂ ಬಾಯಿಬಿಟ್ಟು ಹೇಳಲಿ ಅಂತ ಕಾದೆ."

"ಅದಕ್ಕೆ ಇಬ್ಬರು ಸಾಯಬೇಕಿತ್ತೇ?"

ಅರಸ ಎದ್ದು ನಿಂತ. "ಅರ್ಧ ರಾಜ್ಯ ನಿನ್ನದು."

"ರಾಜ್ಯ ಬೇಡ. ಅಪ್ಪನನ್ನು ಬಿಡಿ."

ಮಂತ್ರಿ ನೆಲ ನೋಡಿದ. "ಹೋದ ಚಳಿಗಾಲದಲ್ಲೇ ತೀರಿಕೊಂಡ."

ದುರುಗ ಬಗ್ಗಿ ಕಂಬದ ಬುಡದ ಸುಳಿ ನೋಡಿದ.

"ಹಾಗಾದರೆ ರಾಜ್ಯವನ್ನೇ ಕೊಡಿ. ಆಚೆ ದಡದ್ದು. ಸೇತುವೆಯಲ್ಲೂ ಅರ್ಧ. ನಡುಗಂಬ ನನ್ನ ಕಡೆಗೆ."

ಡಂಗುರ ಸಾರಿಸಿದ ಮಾತು. ಅರಸ ಕೊಡಲೇಬೇಕಾಯಿತು.

ಬೇಸಿಗೆಯಲ್ಲಿ ನೀರಿಳಿಯಿತು. ದುರುಗ ನಡುಗಂಬವನ್ನು ಒಂದೊಂದೇ ಕಲ್ಲಾಗಿ ಕೀಳಿಸಿದ. ಸುಳಿ ಹೋಯಿತು. ಅರಸನ ಅರ್ಧ ಸೇತುವೆ ಹೊಳೆಯ ಮೇಲೆ ಸುಮ್ಮನೆ ಚಾಚಿಕೊಂಡಿತು.

ಅರಸ ದಿನಾ ಅದರ ತುದಿಗೆ ಬಂದು ನಿಲ್ಲುತ್ತಿದ್ದ. ಕೆಳಗೆ ದುರುಗ ಹರಿಗೋಲಿನಲ್ಲಿ ಜನರನ್ನು ದಾಟಿಸುತ್ತಿದ್ದ. ಅರಸ ಕರೆಯಲಿಲ್ಲ. ದುರುಗ ತಲೆಯೆತ್ತಲಿಲ್ಲ.