ಪ್ರೋಟಾನಿನ ಗಿರಕಿ ಅಳೆದವಳು

"ಗುರುಗಳೇ, ನ್ಯೂಟ್ರಾನಿನ ಗಿರಕಿಯನ್ನು, ಅಂದರೆ ಸ್ಪಿನ್ನನ್ನು, ಅಳೆದೆ. ಹಿರಿಯರು ಹೇಳಿದಷ್ಟೇ ಬಂದಿದೆ. ಆದರೂ ನೀವು ಹೆದರು ಎನ್ನುತ್ತೀರಿ. ಏಕೆ?" ಎಂದು ಶಿಷ್ಯನು ಕೇಳಿದನು.

ಗುರುಗಳು ಹೇಳಿದರು:

ಒಬ್ಬ ಸಂಶೋಧಕಿ ಇದ್ದಳು. ಪ್ರೋಟಾನಿಗೆ ಅದರ ಗಿರಕಿ ಎಲ್ಲಿಂದ ಬರುತ್ತದೆ ಎಂದು ಅಳೆಯುವುದು ಅವಳ ಕೆಲಸ. ಒಳಗಿರುವ ಕ್ವಾರ್ಕುಗಳೆಂಬ ಮೂರು ಕಣಗಳ ಗಿರಕಿ ಕೂಡಿಯೇ ಪ್ರೋಟಾನಿನ ಗಿರಕಿಯಾಗುತ್ತದೆ ಎಂದು ಹಿರಿಯರೆಲ್ಲ ನಂಬಿದ್ದರು. ಅವಳಿಗೆ ವಿದ್ಯೆ ಕಲಿಸಿದ ಪ್ರಾಧ್ಯಾಪಕರು ಅದನ್ನೇ ಬೋಧಿಸುತ್ತ ಮುಪ್ಪಾಗಿದ್ದರು.

ಅವಳು ಪ್ರೋಟಾನುಗಳನ್ನು ಕಡುಶೀತದಲ್ಲಿಟ್ಟು, ಅವುಗಳ ಗಿರಕಿಯನ್ನು ಒಂದೇ ದಿಕ್ಕಿಗೆ ಸಾಲುಗೂಡಿಸಿದಳು. ಹಾಗೆಯೇ ಸಾಲುಗೂಡಿಸಿದ ಎಲೆಕ್ಟ್ರಾನುಗಳನ್ನು ಅವುಗಳ ಮೇಲೆ ಹಾಯಿಸಿದಳು. ಎಲೆಕ್ಟ್ರಾನುಗಳು ಚದುರಿದ ಬಗೆಯಿಂದ ಲೆಕ್ಕ ಕಟ್ಟಿದಳು. ಕ್ವಾರ್ಕುಗಳ ಪಾಲು ಅರ್ಧದಷ್ಟೂ ಬರಲಿಲ್ಲ.

ಅವಳಿಗೆ ಊಟ ಸೇರಲಿಲ್ಲ. ತಪ್ಪು ನನ್ನದೇ, ಹೊರಗೆ ಹೇಳಿದರೆ ನಗೆಗೀಡಾಗುತ್ತೇನೆ ಎಂದುಕೊಂಡು ಉಪಕರಣವನ್ನು ಜಾಲಾಡತೊಡಗಿದಳು. ಕೊನೆಗೆ ಒಂದು ತಪ್ಪು ಸಿಕ್ಕಿತು. ಪ್ರೋಟಾನುಗಳು ಅವಳು ಎಣಿಸಿದಷ್ಟು ಸಾಲುಗೂಡಿರಲಿಲ್ಲ, ಅದರಿಂದ ಉತ್ತರ ಕಡಿಮೆ ಕಂಡಿತ್ತು. ತಿದ್ದಿದ ಕೂಡಲೇ ಉತ್ತರ ಮೇಲೇರಿ ಹಿರಿಯರ ಮಾತಿನ ಹತ್ತಿರಕ್ಕೆ ಬಂದಿತು.

ಪ್ರಾಧ್ಯಾಪಕರು ನಿಟ್ಟುಸಿರು ಬಿಟ್ಟು, "ಬದುಕಿದೆ ಕಣಮ್ಮ. ನನ್ನನ್ನೂ ಬದುಕಿಸಿದೆ" ಎಂದರು.

ಅವಳು ಹಗುರಾಗಿ ಮನೆಗೆ ಬಂದು ಅನ್ನ ಕಲಸಿದಳು. ಮೊದಲ ತುತ್ತು ಎತ್ತುವಾಗ ಥಟ್ಟನೆ ಹೆದರಿದಳು. ಹಿಂದೆಂದೂ ಅಂಥ ಭಯ ಅವಳಿಗೆ ಆಗಿರಲಿಲ್ಲ. ತುತ್ತನ್ನು ತಟ್ಟೆಯಲ್ಲೇ ಬಿಟ್ಟು ಪ್ರಯೋಗಾಲಯಕ್ಕೆ ಮರಳಿದಳು. ಇನ್ನೂ ನೋಡದೆ ಉಳಿದಿದ್ದ ಭಾಗಗಳನ್ನು ಪರೀಕ್ಷಿಸಿದಳು. ಎಲೆಕ್ಟ್ರಾನುಗಳು ಎಣಿಸಿದ್ದಕ್ಕಿಂತ ಹೆಚ್ಚು ಸಾಲುಗೂಡಿದ್ದವು. ಅದನ್ನೂ ತಿದ್ದಿದಳು. ಉತ್ತರ ಮತ್ತೆ ಕುಸಿಯಿತು.

ವಿಜ್ಞಾನಿಗಳ ಸಭೆಯಲ್ಲಿ ನಿಂತು ಅವಳು ಎರಡು ತಿದ್ದುಪಡಿಗಳನ್ನೂ ಕುಸಿದ ಉತ್ತರವನ್ನೂ ಹೇಳಿದಳು.

"ಹಾಗಾದರೆ ಉಳಿದ ಗಿರಕಿ ಎಲ್ಲಿಂದ ಬರುತ್ತದೆ?" ಎಂದು ಪ್ರಾಧ್ಯಾಪಕರು ಕೇಳಿದರು.

"ಗೊತ್ತಿಲ್ಲ, ಸರ್."

ಅವರು ಎದ್ದು ಹೊರಟುಹೋದರು. ಮುಂದೆ ಬೇರೆ ಕಡೆಗಳಲ್ಲಿ ಅಳೆದವರಿಗೂ ಅಷ್ಟೇ ಬಂದಿತು. ಪ್ರಾಧ್ಯಾಪಕರು ಮಾತ್ರ ಸಾಯುವವರೆಗೂ ಅವಳೊಡನೆ ಮಾತಾಡಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನು ಕೇಳಿದನು: "ಉತ್ತರ ಸರಿಬಂದ ಮೇಲೆ ಅವಳು ಹೆದರಿದ್ದು ಯಾವುದಕ್ಕೆ?"

"ಉತ್ತರ ಹಿತವಾದೊಡನೆ ತಾನು ಹುಡುಕುವುದನ್ನು ಬಿಟ್ಟುಬಿಟ್ಟಿದ್ದಕ್ಕೆ. ನೀನು ಹುಡುಕುವುದನ್ನು ಎಲ್ಲಿ ಬಿಟ್ಟೆ?"