ಕಿಟಕಿ ಪಕ್ಕದ ಮೇಜು

ಬಸ್ ಸ್ಟ್ಯಾಂಡಿನ ಎದುರಿನ ಬಾರಿನಲ್ಲಿ ಒಬ್ಬ ಸಪ್ಲೈಯರ್ ಇದ್ದ. ಕೆಲಸಕ್ಕೆ ಸೇರಿ ಎಂಟೇ ದಿನ. ಮನೆಯಲ್ಲಿ ಹೆಂಡತಿ ತುಂಬು ಬಸುರಿ.

ಸಂಜೆ ಏಳಕ್ಕೆ ಭಜನಾ ಮಂಡಳಿಯ ಅಧ್ಯಕ್ಷ ಮರುಳಪ್ಪನವರು ಬಂದರು. ಅವರ ಕಿಟಕಿ ಪಕ್ಕದ ಮೇಜಿನಲ್ಲಿ ಯಾರೋ ಬೆನ್ನು ಹಾಕಿ ಕೂತು ಕಬಾಬ್ ತಿನ್ನುತ್ತಿದ್ದರು.

“ಯಾರೋ ಅದು ನನ್ನ ಜಾಗದಲ್ಲಿ? ಎಬ್ಬಿಸು. ಇಲ್ಲಾಂದ್ರೆ ಇನ್ನು ಈ ಕಡೆ ತಲೆ ಹಾಕಲ್ಲ.”

ಮಾಲೀಕ ಸಪ್ಲೈಯರ್ ಕಿವಿಯಲ್ಲಿ ಹೇಳಿದ: “ಅಲ್ಲಿ ಕೂತಿರೋರು ಹೈಸ್ಕೂಲ್ ಹೆಡ್‌ಮಾಸ್ಟ್ರು. ಇಬ್ಬರಲ್ಲಿ ಯಾರು ಮುನಿಸಿಕೊಂಡರೂ ನಾಳೆಯಿಂದ ನೀನು ಬರಬೇಡ.”

ಸಪ್ಲೈಯರ್ ಕಿಟಕಿಯತ್ತ ನೋಡಿದ. ಗಾಜಿನಲ್ಲಿ ಅವನದೇ ಬೆವರಿದ ಮುಖ ಕಂಡಿತು. ತಕ್ಷಣ ಮೇಷ್ಟ್ರ ಬಳಿ ಹೋಗಿ ಬಗ್ಗಿದ.

“ಸಾರ್, ಈ ಕಪ್ಪು ಗಾಜು ಹಗಲು ಮಾತ್ರ ಮರೆ. ಒಳಗೆ ಲೈಟ್ ಹಾಕಿದ ಮೇಲೆ ಬಸ್ಸಿಗೆ ಕಾಯೋರಿಗೆ ನಿಮ್ಮ ತಟ್ಟೆಯ ನಿಂಬೆಹೋಳೂ ಕಾಣುತ್ತೆ.”

ಮೇಷ್ಟ್ರು ಗ್ಲಾಸು, ತಟ್ಟೆ ಎತ್ತಿಕೊಂಡು ಮೂಲೆಯ ಪರದೆ ರೂಮು ಸೇರಿದರು.

ಅಧ್ಯಕ್ಷರು ಗತ್ತಿನಿಂದ ಕೂತರು. “ಭಲೇ! ಹೆಂಗೋ ಎಬ್ಬಿಸಿದೆ?”

ಸಪ್ಲೈಯರ್‌ಗೆ ಸುಳ್ಳು ಹೊಳೆಯಲಿಲ್ಲ. ಮೇಷ್ಟ್ರಿಗೆ ಹೇಳಿದ್ದನ್ನೇ ಹೇಳಿದ.

ಅಧ್ಯಕ್ಷರು ಮೆಲ್ಲಗೆ ಕಿಟಕಿಯತ್ತ ತಿರುಗಿದರು. ಅಲ್ಲಿ ಅವರ ಹಣೆಯ ವಿಭೂತಿ ಫಳಫಳ ಹೊಳೆಯುತ್ತಿತ್ತು. ನಾಲ್ಕು ವರ್ಷದಿಂದ ದಿನವೂ ಇಲ್ಲೇ ಕೂತಿದ್ದರು. ಮೆನು ಕಾರ್ಡನ್ನು ಮುಖಕ್ಕೆ ಹಿಡಿದರು.

“ಪರದೆ ರೂಮಲ್ಲಿ ಜಾಗ ಇದೆಯೇನಪ್ಪಾ?”

“ಒಂದೇ ಕುರ್ಚಿ ಇದೆ ಸಾರ್. ಮೇಷ್ಟ್ರ ಎದುರಿಗೆ.”

ಹೋಗಿ ಕೂತರು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

“ಏನು ತರಲಿ ಸಾರ್?” ಎಂದ ಸಪ್ಲೈಯರ್.

ಇಬ್ಬರೂ ಒಂದೇ ದನಿಯಲ್ಲಿ ಹೇಳಿದರು: “ಮೊದಲು ಪರದೆ ಎಳಿ!”