ಹಾರದೆ ಇಳಿದ ಮರಿಜೇಡ

ನೂಲನ್ನು ಗಾಳಿಗೆ ಬಿಟ್ಟು ತೇಲಿಹೋಗುವುದನ್ನು ಕಲಿಯಲು ಮರಿಜೇಡವೊಂದು ತನ್ನ ಅಣ್ಣನೊಡನೆ ಕೆರೆಯಂಚಿನ ಬೇಲಿಗೂಟವನ್ನೇರಿತು. ಅಜ್ಜಿ ಕಲಿಸಿದಂತೆ ಮುಂಗಾಲೆತ್ತಿ ಗಾಳಿಯನ್ನು ಪರೀಕ್ಷಿಸಿತು. ಗಾಳಿ ನಿಂತು ನಿಂತು ಬೀಸುತ್ತ, ನೀರಿನತ್ತಲೇ ನೂಕುತ್ತಿತ್ತು. ಮರಿ ಎತ್ತಿದ ಕಾಲನ್ನು ಇಳಿಸದೆ ಕಾಯಿತು.

“ಕಾಲೆತ್ತಿಕೊಂಡು ನಿಂತೇ ಇದ್ದೀಯಲ್ಲ, ಪುಕ್ಕಲಾ! ನೀನೇನು ಕೊಕ್ಕರೆಯೇ?” ಎಂದು ನಕ್ಕು, ಅಣ್ಣ ನೂಲು ಬಿಟ್ಟು ಹಾರಿದ. ಮರುಗಳಿಗೆಯೇ ಗಾಳಿ ಬಿದ್ದುಹೋಯಿತು. ಅಣ್ಣ ನೀರಿಗೆ ಬಿದ್ದ. ಮೀನೊಂದು ಬಾಯಿ ತೆರೆದು ಮುಚ್ಚಿತು.

ಮರಿ ಗೂಟವನ್ನು ಬಿಗಿದಪ್ಪಿ ಕೆಳಗೆ ನೋಡಿತು. “ಅಜ್ಜೀ, ಹಾರದೆ ನಡೆದು ಇಳಿದರೆ ಎಲ್ಲರೂ ನಗುತ್ತಾರೆ.”

“ನಾಚಿಕೊಳ್ಳುವುದಕ್ಕಾದರೂ ಜೀವವಿರಬೇಕಲ್ಲ, ಮಗು. ಇಳಿ,” ಎಂದಳು ಕೆಳಗೆ ನಿಂತಿದ್ದ ಅಜ್ಜಿ.

ಮರಿ ಎಂಟು ಕಾಲುಗಳನ್ನೂ ಒಂದೊಂದಾಗಿ ಊರುತ್ತ, ಕೆರೆಯತ್ತ ನೋಡದೆ, ಇಳಿಯಿತು.